ಹೊಗೆಸೊಪ್ಪಿನ ದಾರದಲ್ಲಿ ಹೊಲಿದ ಹಾಳೆ

ಟ್ರಂಕಿನ ಬಟ್ಟೆಗಳನ್ನು ಬಿಸಿಲಿಗೆ ಹರವುತ್ತಿದ್ದೆ. ತಳದಲ್ಲಿದ್ದ ಧಾರೆ ಸೀರೆಯನ್ನು ಎತ್ತಿದಾಗ ಹದವಾಗಿ ಬೆಂದ ಹೊಗೆಸೊಪ್ಪಿನ ವಾಸನೆ ಬಂತು. ಬೆಲ್ಲದ ಪಾಕದಂಥ ಸಿಹಿ, ಅದರ ಹಿಂದೆಯೇ ಗಂಟಲಲ್ಲಿ ಕೂರುವ ಘಾಟು. ನಾವು ಹೊಗೆಸೊಪ್ಪು ಬೆಳೆಯುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಸೊಪ್ಪು ಬೇಯಿಸುತ್ತಿದ್ದ ಬ್ಯಾರನ್ನಿನ ಗೋಡೆ ಬಿದ್ದು, ಅದರ ಇಟ್ಟಿಗೆಯಲ್ಲಿ ದನದ ಕೊಟ್ಟಿಗೆ ಕಟ್ಟಿಸಿದ್ದೂ ಆಯಿತು. ಆದರೂ ಆ ವಾಸನೆ ಸೀರೆಯ ಮಡಿಕೆಯೊಳಗೆ ಹಾಗೇ ಕೂತಿತ್ತು. ಮಡಿಕೆ ಬಿಚ್ಚಿದೆ. ಒಳಗೆ ಮೇಷ್ಟ್ರ ನೋಟ್ ಪುಸ್ತಕ…

ಮೊಮ್ಮಕ್ಕಳೇ, ನಿಮ್ಮಲ್ಲಿ ದೊಡ್ಡವಳು ಆಗ ರಜೆಗೆ ಬಂದಿದ್ದಳು. ಮೈಸೂರಿನ ಕಾಲೇಜಿನಲ್ಲಿ ಅವಳು ಜರ್ಮನ್ ಭಾಷೆ ಕಲಿಯುತ್ತಿರುವುದು ನಿಮಗೆಲ್ಲ ಗೊತ್ತೇ ಇದೆ. ಪುಸ್ತಕದ ಮೊದಲ ಹಾಳೆಯಲ್ಲಿ "ಮೂಲ: ಜರ್ಮನ್ ದೇಶದ ಒಬ್ಬ ಮಹನೀಯರು" ಎಂದು ಬರೆದಿದ್ದನ್ನು ಓದಿ, "ಇದು ನಮ್ಮನೇಲಿ ಯಾಕಿದೆ ಅಜ್ಜಿ?" ಎಂದು ಕೇಳಿದಳು. ನನಗೆ ಹೇಳಲಾಗಲಿಲ್ಲ. ನಾನು ಮೊದಲಿನಿಂದಲೂ ಬಾಯಿ ಇಲ್ಲದವಳು. ಕೇಳಿದ ಹೊತ್ತಿಗೆ ಉತ್ತರ ಕೊಡಲಾರದೆ ಆಮೇಲೆ ಕೂತು ಕೊರಗುವುದು ನನ್ನ ಸ್ವಭಾವ. ಈ ಸಲವಾದರೂ ಬರೆದು ಹೇಳೋಣ ಅನ್ನಿಸಿತು ಮಕ್ಕಳೇ.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ, ನಾಟಕದ ಮೇಷ್ಟ್ರು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಹುಣಸೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಕಡೆಯ ಹಳ್ಳಿಗಳಲ್ಲಿ ನಾಟಕ ಆಡಬೇಕೆಂದರೆ ಜನ ಅವರನ್ನು ಕರೆಸುತ್ತಿದ್ದರು. ಒಂದು ಊರಿನಲ್ಲಿ ಎರಡು ಮೂರು ತಿಂಗಳು ಇದ್ದು, ಹಾರ್ಮೋನಿಯಂ ಬಾರಿಸಿ, ರೈತಾಪಿ ಗಂಡಸರಿಗೆ ಹಾಡು ಮಾತು ಕಲಿಸಿ, ನಾಟಕವನ್ನು ರಂಗಕ್ಕೆ ಏರಿಸಿ ವಾಪಸು ಬರುತ್ತಿದ್ದರು. ತೆಳ್ಳಗೆ ಉದ್ದಕ್ಕೆ ಇದ್ದರು. ಎಡಗೈ ಸುಮ್ಮನಿದ್ದಾಗಲೂ ಹಾರ್ಮೋನಿಯಂನ ತಿದಿ ಒತ್ತುವ ಹಾಗೆ ಆಡುತ್ತಲೇ ಇರುತ್ತಿತ್ತು. ಹೆಂಡತಿ ಬೇಗ ತೀರಿಕೊಂಡಿದ್ದರು. ಒಬ್ಬಳೇ ಮಗಳು. ಅಪ್ಪ ಊರೂರು ಸುತ್ತುವಾಗ ಆ ಹುಡುಗಿ ನಮ್ಮ ಮನೆಯಲ್ಲೇ ಉಣ್ಣುತ್ತಿದ್ದಳು. ಅವಳ ತಲೆ ಬಾಚಿ ಎರಡು ಜಡೆ ಹಾಕಿ ಶಾಲೆಗೆ ಕಳಿಸುತ್ತಿದ್ದವಳು ನಾನು. ಜಡೆ ಬಿಗಿಯಾದರೆ, "ಅತ್ಗೆ, ಕಣ್ಣು ಮೇಲಕ್ಕೋಯ್ತವೆ ಕಣತ್ಗೆ" ಎಂದು ನಗುತ್ತಿದ್ದಳು.

ತೊಂಬತ್ತರ ನಂತರ ನಮ್ಮ ಕಡೆ ಕೇರಳದವರು ಬಂದು ಹೊಲ ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯಲು ಶುರು ಮಾಡಿದರು. ಹಾಗೆ ಬಂದಿದ್ದ ಒಬ್ಬ ಹುಡುಗನ ಜೊತೆ ಮೇಷ್ಟ್ರ ಮಗಳು ಹೊರಟುಹೋದಳು. ಬಾವಲಿಯ ಗಡಿ ದಾಟಿ, ಮಾನಂದವಾಡಿಯ ಆಚೆ ಎಲ್ಲೋ. ಊರಿನ ಯಜಮಾನರು ಪಂಚಾಯ್ತಿ ಕಟ್ಟೆಗೆ ಮೇಷ್ಟ್ರನ್ನು ಕರೆಸಿದರು. ಅವಳು ತಿರುಗಿ ಬಂದರೆ ಮನೆಗೆ ಸೇರಿಸಬಾರದು, ಸೇರಿಸಿದರೆ ಈ ಊರೂ ಸುತ್ತಲ ಊರುಗಳೂ ಇನ್ನು ನಾಟಕದ ತಾಲೀಮಿಗೆ ಕರೆಯುವುದಿಲ್ಲ ಎಂದು ಹೇಳಿದರು. ಮೇಷ್ಟ್ರು ಆಗಲಿ ಎಂದು ತಲೆ ಆಡಿಸಿ ಬಂದರಂತೆ. ಅವರಿಗೆ ಹೊಲವಿರಲಿಲ್ಲ. ಹಾರ್ಮೋನಿಯಂ ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ… ಇದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನ ಕಡೆಯಿಂದ ಬಸ್ಸು ಬಂದು ಹೋದ ಸದ್ದಾಯಿತು. ಬೀದಿಯಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಕದ ಬಡಿಯುವುದು ಕೇಳಿಸಿತು.

"ಅಪ್ಪಯ್ಯ, ನಾನು ಕಣಪ್ಪ."

ಮೇಷ್ಟ್ರು ಒಳಗೇ ಇದ್ದರು. ಕದದ ಸದ್ದಿಗೆ ಬದಲಾಗಿ ಹಾರ್ಮೋನಿಯಂ ಸದ್ದು ಬಂತು. ಅವಳು ಬಡಿದಳು, ಅವರು ಇನ್ನೂ ಜೋರಾಗಿ ಬಾರಿಸಿದರು. ಯಾವ ಹಾಡೂ ಅಲ್ಲ ಅದು. ಮನೆಯೇ ನರಳುವ ಹಾಗೆ ಎಲ್ಲ ಸ್ವರಗಳನ್ನೂ ಒಟ್ಟಿಗೇ ಒತ್ತಿ ಹಿಡಿದ ಸದ್ದು. ಆಮೇಲೆ ಅವಳು ಬಡಿಯುವುದನ್ನು ಬಿಟ್ಟು ಜಗಲಿಯ ಮೇಲೆ ಕೂತಳು. ನಮ್ಮ ಕಿಟಕಿಯ ಸಂದಿಯಿಂದ ಅವಳ ಕಾಲು ಮಾತ್ರ ಕಾಣಿಸುತ್ತಿತ್ತು. ಧೂಳಾಗಿತ್ತು. ಪಾದ ಊದಿಕೊಂಡಿತ್ತು. ಬಸುರಿ ಎಂದು ನನಗೆ ಆಗಲೇ ಗೊತ್ತಾಯಿತು.

ನಾನು ಒಂದು ಚೊಂಬು ನೀರು ತುಂಬಿಕೊಂಡು ನಮ್ಮ ಬಾಗಿಲವರೆಗೆ ಬಂದೆ. ನಡುಮನೆಯಲ್ಲಿ ಮಲಗಿದ್ದ ನಮ್ಮ ಅತ್ತೆ ಕಣ್ಣು ಬಿಡದೆಯೇ ಹೇಳಿದರು, "ಅಗಣಿ ಮುಟ್ಟುದ್ರೆ ನೋಡು. ಆ ಮನೆ ಸುದ್ದಿ ನಮಗ್ಯಾಕೆ? ಒಳೀಕ್ ಓಗು." ನನಗೆ ಆಗ ಮದುವೆಯಾಗಿ ಹದಿನೈದು ವರ್ಷ ಕಳೆದಿತ್ತು, ಎರಡು ಮಕ್ಕಳ ತಾಯಿ. ಆದರೂ ಅಗಣಿ ತೆಗೆಯುವ ಧೈರ್ಯ ಬರಲಿಲ್ಲ. ಒಳಗೂ ಹೋಗಲಿಲ್ಲ. ಚೊಂಬು ಹಿಡಿದುಕೊಂಡು ಕದದ ಹಿಂದೆ ನಿಂತೇ ಇದ್ದೆ. ಸಂಜೆ ಬಸ್ಸಿಗೆ ಅವಳು ಎದ್ದು ಹೋದಳು. ನೀರನ್ನು ಹಿತ್ತಲಿನ ತುಳಸಿಗೆ ಹಾಕಿದೆ.

ಎರಡು ತಿಂಗಳಿಗೆ ಸುದ್ದಿ ಬಂತು. ಹೆರಿಗೆಯಲ್ಲಿ ತಾಯಿ ಮಗು ಇಬ್ಬರೂ ಉಳಿಯಲಿಲ್ಲವಂತೆ. ಮೇಷ್ಟ್ರು ಅಂದು ಪಿರಿಯಾಪಟ್ಟಣದ ಕಡೆ ತಾಲೀಮಿಗೆ ಹೋಗಿದ್ದರು. ಸುದ್ದಿ ತಿಳಿದ ಮೇಲೂ ಆ ನಾಟಕ ಮುಗಿಸಿಯೇ ಬಂದರು. ಊರವರು, "ಗಟ್ಟಿ ಆಳು ಕಣಪ್ಪ" ಎಂದು ಹೊಗಳಿದರು.

ಅದಾಗಿ ಐದಾರು ವರ್ಷದ ಮೇಲೆ ನಮ್ಮೂರಿನವರು ಯುಗಾದಿಗೆ ನಾಟಕ ಆಡಬೇಕೆಂದು ಮೇಷ್ಟ್ರ ಹತ್ತಿರ ಹೋದರು. ಎಲ್ಲರೂ ಪೌರಾಣಿಕ ನಾಟಕ ಅಂದುಕೊಂಡಿದ್ದರು. ಮೇಷ್ಟ್ರು ಒಪ್ಪಲಿಲ್ಲ. ತಮ್ಮ ಹತ್ತಿರ ಒಂದು ಜರ್ಮನ್ ದೇಶದ ನಾಟಕವಿದೆ, ತಮ್ಮ ಗುರುಗಳು ಮೈಸೂರಿನ ಕಂಪನಿಯಲ್ಲಿದ್ದಾಗ ಇಂಗ್ಲಿಷ್ ಬಲ್ಲವರೊಬ್ಬರಿಂದ ಓದಿಸಿಕೊಂಡು ಕನ್ನಡದಲ್ಲಿ ಬರೆದಿಟ್ಟದ್ದು, ಒಂದು ಸಲವೂ ರಂಗ ಹತ್ತಿಲ್ಲ, ಅದನ್ನು ಆಡುವುದಾದರೆ ಬಿಟ್ಟಿಯಾಗಿ ಕಲಿಸುತ್ತೇನೆ ಎಂದರು. ನಮ್ಮ ಊರಿಗೆ ಜರ್ಮನಿ ಗೊತ್ತಿದ್ದದ್ದು ಜರ್ಮನ್ ಪಾತ್ರೆ ಅನ್ನುವ ಅಲ್ಯೂಮಿನಿಯಂ ಪಾತ್ರೆಯಿಂದ ಮಾತ್ರ. ರಾತ್ರಿಯೆಲ್ಲ ನಾಟಕ ನೋಡಿ ಅಭ್ಯಾಸವಾದ ಊರು, ಇದು ಮೂರು ಗಂಟೆಯಲ್ಲಿ ಮುಗಿಯುತ್ತದೆ ಎಂದು ತಿಳಿದಾಗ ಯಜಮಾನರೊಬ್ಬರಿಗೆ ಸಿಟ್ಟೇ ಬಂತಂತೆ. "ಉಂಡು ಕೈ ತೊಳ್ಯೋದ್ರೊಳ್ಗೆ ಮುಗ್ದೋಗೋದ ನಾಟ್ಕ ಅಂತಾರ ಮೇಷ್ಟ್ರೇ? ಜನ ಚಾಪೆ ಯಾತಕ್ಕೆ ತರಬೇಕು?" ಎಂದು ಕೇಳಿದರಂತೆ. ಕೊನೆಗೆ ಬಿಟ್ಟಿ ಅನ್ನುವ ಮಾತಿಗೆ ಒಪ್ಪಿದರು.

ತಾಲೀಮು ನಮ್ಮ ಬ್ಯಾರನ್ನಿನಲ್ಲಿ. ಹೊಗೆಸೊಪ್ಪಿನ ಸುಗ್ಗಿ ಮುಗಿದು ಅದು ಖಾಲಿ ಬಿದ್ದಿತ್ತು. ಎತ್ತರದ ಗೋಡೆ, ನೆಲದಲ್ಲಿ ಬಿಸಿ ಹಾಯಿಸುವ ತಗಡಿನ ಕೊಳವೆ, ಮೇಲೆ ಸೊಪ್ಪಿನ ಕಡ್ಡಿ ಜೋಡಿಸುವ ಅಡ್ಡಪಟ್ಟಿಗಳು. ಅಲ್ಲಿ ಮಾತಾಡಿದರೆ ಬಾವಿಯೊಳಗೆ ಮಾತಾಡಿದ ಹಾಗೆ ಗುಂಯ್ ಅನ್ನುತ್ತಿತ್ತು.

ಕಥೆ ಹೀಗೆ. ಗಡಿಯಾರ ರಿಪೇರಿ ಮಾಡುವ ಒಬ್ಬ ಮುದುಕ, ಅವನಿಗೆ ಒಬ್ಬಳೇ ಮಗಳು. ನದಿಯಾಚೆ ಬೇರೆ ರಾಜ್ಯ, ಎರಡಕ್ಕೂ ಹಗೆತನ. ಮಗಳು ಆಚೆ ಕಡೆಯ ಸಿಪಾಯಿಯ ಜೊತೆ ನದಿ ದಾಟಿ ಹೋಗುತ್ತಾಳೆ. ಕೊನೆಯ ದೃಶ್ಯದಲ್ಲಿ ತಿರುಗಿ ಬಂದು ಅಪ್ಪನ ಕದ ಬಡಿಯುತ್ತಾಳೆ. ಆ ಮುದುಕನ ಪಾರ್ಟು ನಿಮ್ಮ ತಾತನದು. ಅವರು ಯಾವಾಗಲೂ ಭೀಮನ ಪಾರ್ಟು ಮಾಡಿ ಗದೆ ಹೊತ್ತು ಅರಚಿ ಅಭ್ಯಾಸವಾದವರು. "ಮೇಷ್ಟ್ರೇ, ಗದೆ ಇಲ್ದಿದ್ರೆ ಕೈಯ ಎಲ್ಲಿ ಮಡೀಕಳ್ಳಿ?" ಎಂದು ಕೇಳಿ ಎಲ್ಲರನ್ನೂ ನಗಿಸಿದರು. ಮೇಷ್ಟ್ರು ನಗಲಿಲ್ಲ. "ಮಗ್ಳ ಬುಟ್ಟೋನು ಕೈಯ ಎಲ್ಲಿ ಮಡೀಕತಾನೋ ಅಲ್ಲೇ ಮಡೀಕಳಪ್ಪ" ಅಂದರು.

ನಾಟಕದ ಮೇಷ್ಟ್ರುಗಳು ಇಡೀ ಪುಸ್ತಕವನ್ನು ಯಾರಿಗೂ ಕೊಡುವುದಿಲ್ಲ. ಒಬ್ಬೊಬ್ಬರಿಗೆ ಅವರವರ ಮಾತು, ಅದಕ್ಕೆ ಮುಂಚೆ ಎದುರಿನವರು ಆಡುವ ಕೊನೆಯ ಎರಡು ಪದ, ಇಷ್ಟನ್ನೇ ಬೇರೆ ಹಾಳೆಯಲ್ಲಿ ಬರೆದು ಕೊಡುವುದು. ಪೂರ್ತಿ ಕಥೆ ಮೇಷ್ಟ್ರ ತಲೆಯಲ್ಲಿ ಮಾತ್ರ. ಆ ಹೊತ್ತಿಗೆ ಅವರ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣುತ್ತಿರಲಿಲ್ಲ. ನಾನು ಏಳನೇ ಕ್ಲಾಸಿನವರೆಗೆ ಊರ ಶಾಲೆಯಲ್ಲಿ ಓದಿದವಳು, ಅಕ್ಷರ ದುಂಡಗಿತ್ತು. ನಿಮ್ಮ ತಾತನೇ ನನ್ನ ಹೆಸರು ಹೇಳಿದರು. ಹಾಗೆ ಆ ಪುಸ್ತಕ ನನ್ನ ಕೈಗೆ ಬಂತು. ಅಡುಗೆ ಮುಗಿಸಿ ಒಲೆಯ ಮುಂದೆ ಕೂತು ದಿನಕ್ಕೆ ಎರಡು ಮೂರು ಹಾಳೆ ಬರೆಯುತ್ತಿದ್ದೆ. ಅದುವರೆಗೆ ನಾನು ಬರೆದದ್ದೆಂದರೆ ತವರಿಗೆ ನಾಲ್ಕು ಕಾಗದ.

ಪುಸ್ತಕವೆಲ್ಲ ಕಂದು ಬಣ್ಣಕ್ಕೆ ತಿರುಗಿದ ಹಳೇ ಶಾಯಿ, ಓರೆಯಾದ ಸಣ್ಣ ಅಕ್ಷರ. ಕೊನೆಯ ಹಾಳೆ ಮಾತ್ರ ಬೇರೆ. ಬಿಳಿ ಕಾಗದ, ನೀಲಿ ಶಾಯಿ, ಸಾಲು ಡೊಂಕಾದ ದಪ್ಪ ಅಕ್ಷರ. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ದಾರದಿಂದ ಅದನ್ನು ಪುಸ್ತಕಕ್ಕೆ ಹೊಲಿದಿತ್ತು. ಹಳೇ ಹಾಳೆ ಗೆದ್ದಲು ತಿಂದಿರಬೇಕು, ಮೇಷ್ಟ್ರು ನೆನಪಿನಿಂದ ಬರೆದು ಸೇರಿಸಿರಬೇಕು ಅಂದುಕೊಂಡೆ.

ಆ ಹಾಳೆಯಲ್ಲಿ ಮಗಳು ಕದ ಬಡಿಯುತ್ತಾಳೆ. ಮುದುಕ ಎದ್ದು ಬರುತ್ತಾನೆ, ಆದರೆ ಕದದ ಕಡೆಗಲ್ಲ. ಅಂಗಡಿಯ ಗಡಿಯಾರಗಳಿಗೆಲ್ಲ ಒಂದೊಂದಾಗಿ ಕೀಲಿ ಕೊಟ್ಟು, ಮುಳ್ಳು ತಿರುಗಿಸಿ, ಎಲ್ಲವೂ ಒಟ್ಟಿಗೇ ಹೊಡೆದುಕೊಳ್ಳುವ ಹಾಗೆ ಮಾಡುತ್ತಾನೆ. ಆ ಸದ್ದಿನಲ್ಲಿ ಕದ ಬಡಿಯುವುದು ಅವನಿಗೆ ಕೇಳಿಸುವುದಿಲ್ಲ. ಗಡಿಯಾರಗಳು ನಿಂತಾಗ ಹೊರಗೆ ಮಗಳು ಸತ್ತಿರುತ್ತಾಳೆ.

ಓದಿ ಪುಸ್ತಕ ಮುಚ್ಚಿಟ್ಟೆ. ಎಲ್ಲಿಯ ಜರ್ಮನಿ, ಎಲ್ಲಿಯ ನಾವು… ನೂರಾರು ವರ್ಷದ ಹಿಂದಿನ ಆ ಮಹನೀಯನಿಗೆ ನಮ್ಮ ಬೀದಿಯ ಆ ಮಧ್ಯಾಹ್ನ ಹೇಗೆ ಗೊತ್ತಾಯಿತು ಎಂದು ಹೆದರಿಕೆಯಾಯಿತು. ಅವನು ಹಾರ್ಮೋನಿಯಂ ಕೇಳಿದ್ದಾನೆ. ಹಾಗಾದರೆ ಪಕ್ಕದ ಮನೆಯ ಕದದ ಹಿಂದೆ ಚೊಂಬು ಹಿಡಿದು ನಿಂತವಳನ್ನೂ ನೋಡಿರಬೇಕು.

ಮೂರು ದಿನ ಆ ಹಾಳೆಯನ್ನು ಮುಟ್ಟಲಿಲ್ಲ. ನಾಲ್ಕನೆಯ ದಿನ ಬರೆದೆ. ಆದರೆ ಇದ್ದ ಹಾಗೆ ಬರೆಯಲಿಲ್ಲ. ನಿಮ್ಮ ತಾತನ ಪಾಲಿನ ಹಾಳೆಯಲ್ಲಿ, "ಗಡಿಯಾರಗಳನ್ನೆಲ್ಲ ನಿಲ್ಲಿಸುವುದು. ಕದ ತೆಗೆಯುವುದು. ಮಾತು: ನೀರು ಕುಡಿ ಮಗಳೇ, ಆಮೇಲೆ ಮಾತಾಡೋಣ" ಎಂದು ಬರೆದೆ. ಮಗಳ ಪಾರ್ಟಿನವಳಿಗೆ, "ಕದ ತೆರೆದ ಮೇಲೆ ಒಳಗೆ ಹೋಗುವುದು" ಎಂದು ಬರೆದೆ. ಅಷ್ಟೇ. ಯಾರ ಎದುರಿಗೂ ಮಾತಾಡದ ನಾನು ಅಷ್ಟು ದೊಡ್ಡ ತಪ್ಪನ್ನು ದುಂಡಗಿನ ಅಕ್ಷರದಲ್ಲಿ ಮಾಡಿದೆ.

ಯಾರಿಗೂ ತಿಳಿಯಲಿಲ್ಲ. ಸಾವಿನ ದೃಶ್ಯವನ್ನು ತಾಲೀಮಿನ ಮನೆಯಲ್ಲಿ ಆಡಕೂಡದು, ರಂಗದ ಮೇಲೆ ಒಂದೇ ಸಲ ಆಡಬೇಕು ಎಂದು ಮೇಷ್ಟ್ರ ಪದ್ಧತಿ. ಆಡಿದರೆ ಆ ಮನೆಗೆ ಒಳ್ಳೆಯದಲ್ಲವಂತೆ. ಹಾಗಾಗಿ ಕೊನೆಯ ದೃಶ್ಯಕ್ಕೆ ಬಂದಾಗ, "ಬರ್ದಿರೋದ ಬಾಯ್ಪಾಠ ಮಾಡ್ಕಬನ್ನಿ, ಸಾಕು" ಎಂದು ಹಾರ್ಮೋನಿಯಂ ಮುಚ್ಚಿಬಿಡುತ್ತಿದ್ದರು. ಮಗಳ ಪಾರ್ಟಿಗೆ ಗೊತ್ತು ಮಾಡಿದ್ದ ಹೆಂಗಸು ಮೈಸೂರಿನಿಂದ ಬಂದದ್ದು ನಾಟಕದ ದಿನವೇ.

ಶಾಲೆಯ ಮುಂದೆ ರಂಗಕ್ಕೆ ಅಟ್ಟ ಕಟ್ಟಿದ್ದರು. ದೀಪ ಹಚ್ಚುವ ಹೊತ್ತಿಗೆ ನಾಟಕ ಶುರುವಾಯಿತು. ಊರಿನಲ್ಲಿದ್ದ ಗೋಡೆ ಗಡಿಯಾರಗಳನ್ನೆಲ್ಲ ತಂದು ನೇತು ಹಾಕಿದ್ದರು, ಒಂದೊಂದೂ ಒಂದೊಂದು ಟೈಮು ತೋರಿಸುತ್ತಿತ್ತು. ನಾನು ಹೆಂಗಸರ ಕಡೆ ಹಿಂದುಗಡೆ ಕೂತಿದ್ದೆ. ಕೊನೆಯ ದೃಶ್ಯ ಬಂತು. ಮಗಳು ಕದ ಬಡಿದಳು. ಮೇಷ್ಟ್ರು ಪಕ್ಕದಲ್ಲಿ ಹಾರ್ಮೋನಿಯಂ ಮೇಲೆ ಬಗ್ಗಿ, ಗಡಿಯಾರಗಳ ಸದ್ದಿಗೆ ಹತ್ತು ಬೆರಳನ್ನೂ ಎತ್ತಿ ಕಾಯುತ್ತಿದ್ದರು. ನಿಮ್ಮ ತಾತ ಎದ್ದರು. ಗಡಿಯಾರಗಳನ್ನು ಒಂದೊಂದಾಗಿ ಕೈಯಿಟ್ಟು ನಿಲ್ಲಿಸಿದರು. ಕದ ತೆಗೆದರು. "ನೀರು ಕುಡಿ ಮಗಳೇ…" ಅನ್ನುವಾಗ ಆ ಭೀಮನ ಗಂಟಲು ಒಡೆಯಿತು.

ಜನ ಅತ್ತರು. ಪಂಚಾಯ್ತಿ ಕಟ್ಟೆಯಲ್ಲಿ ಕೂತು ತೀರ್ಪು ಹೇಳಿದ್ದ ಯಜಮಾನರು ಟವೆಲಿನಿಂದ ಕಣ್ಣೊರೆಸಿಕೊಂಡರು. ನಮ್ಮ ಅತ್ತೆಯೂ ಅತ್ತರು. "ಜರ್ಮನಿಯೋರೂ ನಮ್ಮಂಗೇ ಕರುಳಿರೋರು ಕಣವ್ವ" ಎಂದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ಮೇಷ್ಟ್ರ ಹತ್ತು ಬೆರಳು ಇನ್ನೂ ಗಾಳಿಯಲ್ಲೇ ಇದ್ದವು. ಕೊನೆಯ ಮಂಗಳದ ಹಾಡಿಗೆ ಅವರು ಹಾರ್ಮೋನಿಯಂ ಬಾರಿಸಲಿಲ್ಲ.

ಬೆಳಗ್ಗೆ ನಾನು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಗೋಡೆ ಹಿಡಿದುಕೊಂಡು ಬಂದರು. ಕಣ್ಣು ಕೆಂಪಾಗಿತ್ತು. ಬಹಳ ಮೆಲ್ಲಗೆ ಕೇಳಿದರು.

"ಆ ಹಾಳೆ ನಿಂಗೆ ಎಲ್ಲಿ ಸಿಕ್ತವ್ವ?"

ಯಾವ ಹಾಳೆ ಎಂದು ನನಗೆ ಅರ್ಥವಾಗಲಿಲ್ಲ. ಗದರಿಸುತ್ತಿದ್ದಾರೆ ಅಂದುಕೊಂಡೆ. ಸೆರಗು ತಲೆಗೆ ಎಳೆದುಕೊಂಡು ನೆಲ ನೋಡುತ್ತಾ ನಿಂತೆ. ನಾನೇ ಬರೆದೆ ಅನ್ನುವ ಎರಡು ಪದ ಬಾಯಿಂದ ಹೊರಡಲಿಲ್ಲ. ಅವರು ಕಾದರು. ನಲ್ಲಿಯಿಂದ ಬಕೆಟ್ಟು ತುಂಬಿ ಹರಿಯುವಷ್ಟು ಹೊತ್ತು ಕಾದರು. ಆಮೇಲೆ, "ಓಗ್ಲಿ ಬುಡವ್ವ. ಸಿಕ್ತಲ್ಲ" ಅಂದರು. ಪುಸ್ತಕ ವಾಪಸು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ನಿನ್ನತ್ರಾನೇ ಇರ್ಲಿ" ಅಂದು ಹೋದರು.

ಆಮೇಲೆ ಅವರು ತಾಲೀಮಿಗೆ ಎಲ್ಲಿಗೂ ಹೋಗಲಿಲ್ಲ. ಮನೆಯ ಕದ ಹಾಕುವುದನ್ನೂ ಬಿಟ್ಟರು. ಹಗಲೂ ರಾತ್ರಿ ತೆರೆದೇ ಇರುತ್ತಿತ್ತು, ನಾಯಿ ಕೋಳಿ ಒಳಗೆ ಹೋಗಿ ಬರುತ್ತಿದ್ದವು. ನಾನು ಅನ್ನ ಸಾರು ಕೊಡಲು ಹೋದಾಗ ನಿಮ್ಮ ತಾತ ಹಿಂದಿನಿಂದ, "ಕದ ಹಾಕ್ಕಳಿ ಮೇಷ್ಟ್ರೇ, ಗಾಳಿ" ಅಂದರೆ, "ಇರ್ಲಿ ಬುಡಪ್ಪ, ಯಾರಾದ್ರೂ ಬಂದಾರು" ಅನ್ನುತ್ತಿದ್ದರು. ಮುಂದಿನ ಹೊಗೆಸೊಪ್ಪಿನ ಸುಗ್ಗಿಯಲ್ಲಿ, ಎಲ್ಲರೂ ಬ್ಯಾರನ್ನಿಗೆ ಸೌದೆ ಹಾಕುತ್ತಿದ್ದ ಹೊತ್ತಿನಲ್ಲಿ, ಆ ತೆರೆದ ಕದದ ಒಳಗೆ ಗೋಡೆಗೆ ಒರಗಿ ಕೂತಿದ್ದವರು ಹಾಗೇ ಹೋಗಿಬಿಟ್ಟಿದ್ದರು…

ಇಷ್ಟನ್ನೂ ನಾನು ಹೆಚ್ಚು ಕಡಿಮೆ ಮರೆತೇ ಇದ್ದೆ ಅನ್ನಬೇಕು. ಆದರೆ ನಿಮ್ಮಲ್ಲಿ ದೊಡ್ಡವಳು ಪುಸ್ತಕದ ಹಾಳೆಗಳನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋಗಿ ತನ್ನ ಜರ್ಮನ್ ಮೇಡಂಗೆ ಕಥೆ ಹೇಳಿದಳಂತೆ. ಹದಿನೈದು ದಿನದ ಮೇಲೆ ಫೋನು ಬಂತು. ಮೇಡಂ ಆ ನಾಟಕವನ್ನು ಹುಡುಕಿದ್ದರು. ಬರೆದವನು ಒಂದು ಕಾಲಕ್ಕೆ ಅವರ ದೇಶದಲ್ಲಿ ಊರೂರಿಗೂ ಬೇಕಾಗಿದ್ದವನಂತೆ. ಅವನ ನಾಟಕಗಳು ಗಡಿ ದಾಟಿ, ಸಮುದ್ರ ದಾಟಿ ಎಷ್ಟೋ ದೇಶಕ್ಕೆ ಹೋದವಂತೆ. ಓದಿದ ಜನ ಮಾತ್ರ, ನೋಡುವವರಿಗೆ ಅಳು ತರಿಸುವುದಷ್ಟೇ ಇವನ ಕಸುಬು ಎಂದು ನಕ್ಕರಂತೆ. ಆಮೇಲೆ ಅವನ ಮಣ್ಣಿನಲ್ಲೇ ಅವನನ್ನು ಕೇಳುವವರಿಲ್ಲದಾಯಿತು. ಈಗ ಯಾರೋ ಕೆಲವರು ಮತ್ತೆ ತೆಗೆದು ಓದುತ್ತಿದ್ದಾರಂತೆ, ಯಾವ ಯಾವ ನಾಡಿನಲ್ಲಿ ಅವನನ್ನು ಹೇಗೆ ಆಡಿದರು ಎಂದು ಹುಡುಕುತ್ತಿದ್ದಾರಂತೆ. ಹುಣಸೂರು ಕಡೆಯ ಗುರುಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಅವನಿಗೆ ತಾಲೀಮು ನಡೆಯಿತು ಅಂದರೆ ಮೇಡಂ ಮೊದಲು ನಂಬಲಿಲ್ಲವಂತೆ. ಅವನ ಹೆಸರನ್ನು ಮೊಮ್ಮಗಳು ಎರಡು ಸಲ ಹೇಳಿದಳು. ನನ್ನ ನಾಲಿಗೆಗೆ ಹತ್ತಲಿಲ್ಲ.

"ಆದ್ರೆ ಅಜ್ಜಿ, ಕೊನೆ ಹಾಳೆ ಮಾತ್ರ ಅವನದಲ್ಲ" ಅಂದಳು. "ಅವನು ಬರೆದಿರೋದ್ರಲ್ಲಿ ಗಡಿಯಾರ ಹೊಡೆಯೋದೇ ಇಲ್ಲ. ಅಪ್ಪ ಬಾಗಿಲು ತೆಗೀತಾನೆ."

ಫೋನು ಇಟ್ಟು ಟ್ರಂಕು ತೆಗೆದೆ. ದಾರ ಹೊಲಿದ ಜಾಗವನ್ನು ಬೆಳಕಿಗೆ ಹಿಡಿದು ಬಿಡಿಸಿ ನೋಡಿದೆ. ಬಿಳಿ ಹಾಳೆಯ ಹಿಂದೆ, ಹೊಲಿಗೆಯ ಬುಡದಲ್ಲಿ, ಹರಿದ ಹಳೇ ಹಾಳೆಯ ಒಂದು ಬೆರಳಗಲದ ಅಂಚು ಉಳಿದಿತ್ತು. ಗೆದ್ದಲು ತಿಂದದ್ದಲ್ಲ, ಕೈಯಿಂದ ಹರಿದದ್ದು. ಕಂದು ಶಾಯಿಯ ಒಂದೆರಡು ಅಕ್ಷರ ಇದ್ದವು, ಓದಲು ಬರಲಿಲ್ಲ.

ಆಗ ತಿಳಿಯಿತು ಅವರು ಕೇಳಿದ್ದು ಯಾವ ಹಾಳೆ ಎಂದು. ಕದ ತೆಗೆಯುವ ಅಪ್ಪನನ್ನು ಅವರಿಗೆ ನೋಡಲಾಗಲಿಲ್ಲ. ಆ ಹಾಳೆ ಹರಿದು, ತಾವು ಮಾಡಿದ್ದನ್ನೇ ಪೊರೆ ಬಂದ ಕಣ್ಣಿನಲ್ಲಿ ಬರೆದು, ಊರ ಮುಂದೆ ಒಪ್ಪಿಕೊಳ್ಳಬೇಕೆಂದು ಅಷ್ಟು ದಿನ ಕಲಿಸಿದ್ದರು. ಅದನ್ನು ನಾನು ಆಡಲು ಬಿಡಲಿಲ್ಲ. ತಾವು ಹರಿದು ಎಸೆದ ಹಾಳೆಯೇ ಎಲ್ಲಿಂದಲೋ ತಿರುಗಿ ಬಂತು ಎಂದು ನಂಬಿಕೊಂಡು ಹೋದರು. ಅದು ಅವರಿಗೆ ಸಮಾಧಾನವಾಗಿತ್ತೋ ಶಿಕ್ಷೆಯಾಗಿತ್ತೋ… ತೆರೆದ ಕದವನ್ನು ನೆನೆದರೆ ಒಂದೊಂದು ದಿನ ಒಂದೊಂದು ಥರ ಅನ್ನಿಸುತ್ತದೆ.

ಅವರ ಮನೆ ಈಗಿಲ್ಲ. ಆ ಜಾಗದಲ್ಲಿ ಶುಂಠಿ ಚೀಲ ಇಡುವ ಶೆಡ್ಡು ಇದೆ, ನಡುವಿನ ಗೋಡೆ ಮಾತ್ರ ಹಳೆಯದು. ನಿನ್ನೆ ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಆ ಗೋಡೆಯ ಹತ್ತಿರ ಕೂತು, ಬಾಯಿ ಬಿಟ್ಟು ಹೇಳಿದೆ. ಎಲ್ಲೂ ಸಿಗಲಿಲ್ಲ ಮೇಷ್ಟ್ರೇ, ನಾನೇ ಬರೆದದ್ದು. ಅವತ್ತು ಅವಳು ಬಂದಾಗ ನಾನೂ ಕದದ ಹಿಂದೆ ಇದ್ದೆ. ನಿಮಗೆ ಹಾರ್ಮೋನಿಯಂ ಆದರೂ ಇತ್ತು. ಅವಳು ಕೂಗಿದ್ದು, ಬಡಿದದ್ದು, ಎದ್ದು ಹೋದದ್ದು, ಎಲ್ಲ ನನಗೆ ಕೇಳಿಸುತ್ತಿತ್ತು.